ದತ್ತಮಂಡಲದ ಲೆಕ್ಕವೂ ಗ್ರಾಮದ ಲೆಕ್ಕವೂ

ಬಳ್ಳಾರಿ ಸೀಮೆಯು ಮಳೆಯ ವಿಷಯದಲ್ಲಿ ಭಾಗ್ಯಹೀನವಾದುದು. ಪಶ್ಚಿಮ ಘಟ್ಟಗಳನ್ನು ದಾಟಿ ಬರುವ ಮುಂಗಾರು ಮೋಡಗಳು ಇಲ್ಲಿಗೆ ತಲಪುವ ವೇಳೆಗೆ ಬಹುಮಟ್ಟಿಗೆ ಬರಿದಾಗಿರುವುವು. ಎರೆಯ ನೆಲವು ಫಲವತ್ತಾದುದೇ ಆದರೂ ನೀರಿಲ್ಲದೆ ಅದರ ಸತ್ತ್ವವು ಪ್ರಯೋಜನಕ್ಕೆ ಬಾರದು. ಆದುದರಿಂದ ಈ ಸೀಮೆಯನ್ನು ಆಳಿದ ಪ್ರತಿಯೊಂದು ಸರ್ಕಾರವೂ ಗ್ರಾಮಗಳ ಏಳಿಗೆಗಾಗಿ ಒಂದಲ್ಲ ಒಂದು ಏರ್ಪಾಡನ್ನು ಮಾಡಬೇಕಾಯಿತು. ಆ ಏರ್ಪಾಡುಗಳ ಗುಣದೋಷಗಳನ್ನು ತೂಗುವ ತಕ್ಕಡಿಯು ಯಾರ ಕೈಯಲ್ಲಿತ್ತು ಎಂಬುದು ವಿಚಾರಾರ್ಹವಾದ ಸಂಗತಿ.

ವಿಜಯನಗರದ ಕಾಲದಲ್ಲಿ ತುಂಗಭದ್ರೆಗೆ ಅಡ್ಡಲಾಗಿ ಕಲ್ಲಿನ ಅಣೆಕಟ್ಟುಗಳನ್ನು ಕಟ್ಟಿ ಕಾಲುವೆಗಳನ್ನು ತೆಗೆದರು. ಸಿರುಗುಪ್ಪ, ದೇಶನೂರು ಕಾಲುವೆಗಳು ಈ ಪರಂಪರೆಗೆ ಸೇರಿದುವು. ಕಟ್ಟಿಸಿದವರು ಅರಸರಾದರೂ ಗದ್ದೆಗೆ ನೀರು ಹಾಯಿಸುವ ಕೆಲಸವು ಊರಿನ ನೀರುಗಂಟಿಯದು. ಅವನಿಗೆ ಸಲ್ಲುವ ಆಯವು ಊರವರ ಕಣದಿಂದಲೇ ಬರುತ್ತಿದ್ದುದರಿಂದ, ಕೊನೆಯ ಗದ್ದೆ ಒಣಗಿದರೆ ಅವನು ಊರಿಗೆಲ್ಲ ಉತ್ತರ ಹೇಳಬೇಕಾಗುತ್ತಿತ್ತು. ಆ ವ್ಯವಸ್ಥೆಯಲ್ಲಿ ಮೇಲುಕೀಳುಗಳ ಅನ್ಯಾಯವಿರಲಿಲ್ಲವೆಂದಲ್ಲ; ಆದರೆ ಹೊಣೆಯು ಕಣ್ಣೆದುರಿಗಿತ್ತು.

1800ರಲ್ಲಿ ನಿಜಾಮನು ಈ ಪ್ರಾಂತವನ್ನು ಕುಂಪಣಿ ಸರ್ಕಾರಕ್ಕೆ ಬಿಟ್ಟುಕೊಟ್ಟನು. ಅಂದಿನಿಂದ ಇದಕ್ಕೆ ದತ್ತಮಂಡಲವೆಂದು ಹೆಸರಾಯಿತು. ಇಲ್ಲಿಗೆ ಮುಖ್ಯ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಹೊಲಹೊಲವನ್ನೂ ಅಳೆಯಿಸಿ, ರೈತನೊಡನೆ ನೇರವಾಗಿ ಕಂದಾಯವನ್ನು ಗೊತ್ತುಮಾಡುವ ರೈತವಾರಿ ಪದ್ಧತಿಯನ್ನು ನೆಲೆಗೊಳಿಸಿದನು. ಆದರೆ ತಾನು ಕಟ್ಟಿದ ಕಂದಾಯವೇ ಭಾರವಾಯಿತೆಂದು ಅವನಿಗೆ ತಿಳಿಯದೆ ಹೋಗಲಿಲ್ಲ. 1807ರಲ್ಲಿ ಊರು ಬಿಡುವ ಮುನ್ನ ನೂರಕ್ಕೆ 25ರಂತೆ ಇಳಿಸಬೇಕೆಂದು ಬರೆದನು. ಮದರಾಸಿನ ಅಧಿಕಾರಿಗಳಿಗೆ ಅದು ರುಚಿಸಲಿಲ್ಲ. ಅವರು ಗ್ರಾಮಗಳನ್ನು ಮೊದಲು ಮೂರು ವರ್ಷಕ್ಕೂ ಅನಂತರ ಹತ್ತು ವರ್ಷಕ್ಕೂ ಗುತ್ತಿಗೆ ಕೊಟ್ಟರು. ಗುತ್ತಿಗೆದಾರರಲ್ಲಿ ಅನೇಕರು ಮುಳುಗಿದರು, ರೈತರೂ ಬಡವಾದರು. ಕಡೆಗೆ 1820ರಲ್ಲಿ ಮನ್ರೋ ಮದರಾಸಿನ ಗವರ್ನರಾಗಿ ಮರಳಿದ ಮೇಲೆಯೇ ಆ ಇಳಿತಾಯವು ಊರ್ಜಿತವಾಯಿತು. ಒಂದು ತಿಳಿದ ಮಾತು ಆಜ್ಞೆಯಾಗಿ ಪರಿಣಮಿಸಲು 13 ವರ್ಷ ಹಿಡಿಯಿತು; ಅದೂ ಹೇಳಿದವನೇ ಅಧಿಕಾರದ ಪೀಠವನ್ನೇರಿದುದರಿಂದ.

ಇದಕ್ಕಿಂತಲೂ ಘೋರವಾದ ಪಾಠವು ಧಾತು, ಈಶ್ವರ ಸಂವತ್ಸರಗಳ ಬರಗಾಲದ್ದು. 1876ರಲ್ಲಿ ಮಳೆ ಕೈಕೊಟ್ಟಿತು. ಬಳ್ಳಾರಿಯು ಮದರಾಸು ಆಧಿಪತ್ಯದಲ್ಲಿ ಅತಿಯಾಗಿ ನೊಂದ ಜಿಲ್ಲೆಗಳಲ್ಲೊಂದಾಯಿತು. 1877ರ ಆದಿಯಲ್ಲಿ ಭಾರತ ಸರ್ಕಾರದ ಪರವಾಗಿ ಬಂದ ಸರ್ ರಿಚರ್ಡ್ ಟೆಂಪಲ್ ಖರ್ಚನ್ನು ತಗ್ಗಿಸುವ ಉದ್ದೇಶದಿಂದ, ಬರಗಾಲದ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ ಮತ್ತು ಅರ್ಧ ಆಣೆ ಸಾಕೆಂದು ವಿಧಿಸಿದನು. ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಇದು ದುಡಿಯುವ ದೇಹಕ್ಕೆ ಸಾಲದೆಂದು ವಾದಿಸಿದನು. ಮೇ ತಿಂಗಳಲ್ಲಿ ಕೂಲಿಯನ್ನು ಏರಿಸಬೇಕಾಯಿತು. 1871ರ ಖಾನೇಷುಮಾರಿಗೂ 1881ರದಕ್ಕೂ ನಡುವೆ ಜಿಲ್ಲೆಯ ಜನಸಂಖ್ಯೆಯು ಸುಮಾರು ಐದರಲ್ಲೊಂದು ಪಾಲು ಇಳಿಯಿತು. ಖಜಾನೆಯ ಪುಸ್ತಕದಲ್ಲಿ ಉಳಿತಾಯವೆಂದು ಬರೆದುದು ಹಳ್ಳಿಗಳಲ್ಲಿ ಪಾಳುಬಿದ್ದ ಮನೆಗಳಾಗಿ ಕಂಡಿತು.

ಈ ಬರಗಳ ನೆನಪಿನಿಂದಲೇ ತುಂಗಭದ್ರಾ ಯೋಜನೆಯು ಬಲಗೊಂಡಿತು. ಎರೆಯ ನೆಲವು ಕಾಲುವೆಯ ನೀರನ್ನು ತಾಳುವುದೇ ಎಂಬುದನ್ನು ಪರೀಕ್ಷಿಸಲು 1937ರಲ್ಲಿ ಸಿರುಗುಪ್ಪದಲ್ಲಿ ಸಂಶೋಧನಾ ಕೇಂದ್ರವನ್ನು ತೆರೆದರು. 1945ರಲ್ಲಿ ಅಡಿಗಲ್ಲಿಟ್ಟು, 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. ಅದೇ ವರ್ಷದ ಅಕ್ಟೋಬರ್ 1ರಂದು ಬಳ್ಳಾರಿಯು ಮೈಸೂರು ರಾಜ್ಯಕ್ಕೆ ಸೇರಿ, ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದುವು. ಸ್ವಲ್ಪ ಸ್ವಲ್ಪ ನೀರನ್ನು ಬಹು ಜನರಿಗೆ ಹಂಚಿ ಬರವನ್ನು ತಡೆಯಬೇಕೆಂಬುದು ಯೋಜನೆಯ ಮೂಲೋದ್ದೇಶ. ಯಾವ ಹೊಲದಲ್ಲಿ ಯಾವ ಬೆಳೆಯೆಂಬುದನ್ನೂ ಕಾಗದದ ಮೇಲೆ ಗೊತ್ತುಮಾಡಿದ್ದರು. ಆದರೆ ಕಾಲುವೆಯ ತಲೆಯಲ್ಲಿದ್ದವರು ಬತ್ತವನ್ನು ಹಿಡಿದರು. ಕರಾವಳಿ ಆಂಧ್ರದಿಂದ ಬಂದ ರೈತರು ಕ್ಯಾಂಪುಗಳನ್ನು ಕಟ್ಟಿಕೊಂಡು ಗದ್ದೆಯ ಬೇಸಾಯವನ್ನು ವಿಸ್ತರಿಸಿದರು. ಸಿರುಗುಪ್ಪದ ಸೀಮೆಯು ಬತ್ತದ ಕಣಜವಾಯಿತು. ಸಿಂದರ ರಾಜಧಾನಿಯಾಗಿದ್ದ ಕುರುಗೋಡಿನ ಸುತ್ತಲೂ ಹಸುರು ಹಬ್ಬಿತು. ಈ ಸಮೃದ್ಧಿಯನ್ನು ಅಲ್ಲಗಳೆಯಲಾಗದು. ಆದರೆ ಕಾಲುವೆಯ ಬಾಲದವರಿಗೆ ನೀರು ಸಾಲದೆ ಹೋಯಿತು; ಬಸಿಗಾಲುವೆಯಿಲ್ಲದ ತಗ್ಗಿನ ಹೊಲಗಳು ಜೌಗು ಹಿಡಿದು ಸವುಳಾದುವು. ಆರಂಭದಲ್ಲಿ ಸುಮಾರು 133 ಟಿ.ಎಂ.ಸಿ. ಅಡಿ ನೀರು ಹಿಡಿಯುತ್ತಿದ್ದ ಜಲಾಶಯವು ಹೂಳು ತುಂಬಿ ಸುಮಾರು 105ಕ್ಕೆ ಇಳಿದುದರಿಂದ, ಹಂಚಿಕೆಯ ಈ ಕಷ್ಟವು ಇನ್ನಷ್ಟು ತೀವ್ರವಾಗಿದೆ.

ಇಷ್ಟಾದರೂ ಗ್ರಾಮದ ಮಾತಿಗೆ ಸ್ಥಾನವೆಲ್ಲಿ? 1884ರ ಮದರಾಸು ಶಾಸನದಿಂದ ಜಿಲ್ಲಾ ಬೋರ್ಡು, ತಾಲ್ಲೂಕು ಬೋರ್ಡು, ಯೂನಿಯನ್‌ಗಳು ಹುಟ್ಟಿದುವು. ಅವುಗಳ ಪಾಲಿಗೆ ಬಂದುದು ರಸ್ತೆ, ಶಾಲೆ, ಆಸ್ಪತ್ರೆ. 1983ರ ಕರ್ನಾಟಕ ಶಾಸನದಂತೆ 1987ರಲ್ಲಿ ಚುನಾವಣೆಗಳು ನಡೆದು ಜಿಲ್ಲಾ ಪರಿಷತ್ತುಗಳೂ ಮಂಡಲ ಪಂಚಾಯಿತಿಗಳೂ ಬಂದುವು. ಸಂವಿಧಾನದ 73ನೆಯ ತಿದ್ದುಪಡಿಯನ್ನು ಅನುಸರಿಸಿ 1993ರಲ್ಲಿ ಈಗಿನ ಪಂಚಾಯಿತಿಗಳೂ ಗ್ರಾಮಸಭೆಯೂ ಏರ್ಪಟ್ಟುವು. 371ಜೆ ವಿಧಿಯಿಂದ ಹಿಂದುಳಿದ ಪ್ರದೇಶದ ವಿಶೇಷ ಸೌಲಭ್ಯವು ಬಳ್ಳಾರಿಗೂ ದೊರೆಯಿತು. ಆದರೆ ಬಲದಂಡೆಯ ಮುಖ್ಯ ಕಾಲುವೆಗಳು ಅಂತರರಾಜ್ಯ ತುಂಗಭದ್ರಾ ಮಂಡಳಿಯ ಅಧೀನ. ಉಪಕಾಲುವೆಗಳು ನೀರಾವರಿ ಇಲಾಖೆಯ ಅಧೀನ. ಊರಿನ ಜೀವವೇ ಆದ ನೀರಿನ ಸರದಿಯು ಊರು ಆರಿಸಿದ ಪಂಚಾಯಿತಿಯ ಕೈಗೆ ಬರಲಿಲ್ಲ. ನೀರು ಬಳಕೆದಾರರ ಸಹಕಾರ ಸಂಘಗಳು ಈ ಕೊರತೆಯನ್ನು ತುಂಬಲೆಂದು ಬಂದುವಾದರೂ, ಮೇಲಿನಿಂದ ನೀರೇ ಇಳಿಯದಿರುವಾಗ ಸಂಘವು ಹಂಚುವುದಾದರೂ ಏನನ್ನು?

ಎರಡು ಶತಮಾನಗಳ ಈ ಚರಿತ್ರೆಯಿಂದ ಒಂದು ಮಾತು ಸ್ಪಷ್ಟವಾಗುವುದು. ಕಂದಾಯದ ರೂಪಾಯಿ, ಕೂಲಿಯ ಪೌಂಡು, ನೀರಾವರಿಯ ಎಕರೆ ಇವೆಲ್ಲ ಬಳ್ಳಾರಿ ಪಟ್ಟಣದ ಕಚೇರಿಯಲ್ಲಿ ಕುಳಿತು ಎಣಿಸಲು ಸುಲಭವಾದುವು. ಎಣಿಸಲು ಸುಲಭವಾದುದರಿಂದಲೇ ಅವು ನೀತಿಯ ಅಳತೆಗೋಲುಗಳಾದುವು. ಬಾಲದ ಹೊಲಕ್ಕೆ ಎಷ್ಟು ದಿನ ನೀರು ಬಂದಿತು, ಎಷ್ಟು ಮನೆಗಳು ಗುಳೆ ಹೋದುವು ಎಂಬ ಲೆಕ್ಕವು ಹಳ್ಳಿಯಲ್ಲಿ ಮಾತ್ರ ಸಿಕ್ಕುವುದು. ಆ ಲೆಕ್ಕವನ್ನು ಗ್ರಾಮಸಭೆಯು ವರ್ಷವರ್ಷವೂ ಬರೆದಿಟ್ಟು, ಇಲಾಖೆಯವರನ್ನು ಅದಕ್ಕೆ ಉತ್ತರಕೊಡುವಂತೆ ಮಾಡಿದರೆ, ಸ್ಥಳಿಕ ಸ್ವರಾಜ್ಯವೆಂಬ ಮಾತಿಗೆ ಅರ್ಥ ಬರುವುದು. ಇಲ್ಲವಾದರೆ ಇನ್ನೊಬ್ಬ ಮನ್ರೋ ಗವರ್ನರಾಗುವವರೆಗೂ ರೈತನು ಕಾದಿರಬೇಕಾಗುವುದು.