ಲಿಂಕನ್ ಆಸ್ಪತ್ರೆಯ ಬಂಧನ-ಅಂಕಿಗಳು ಮತ್ತು 97ನೆಯ ಕಲಂ: ಒಂದು ಟಿಪ್ಪಣಿ

1. ವ್ಯಾಪ್ತಿ

ರೋಗಿಯ ಕೈಕಾಲುಗಳನ್ನೋ ಮುಂಡವನ್ನೋ ಪಟ್ಟಿ, ಬಟ್ಟೆ, ಬಿಗಿಯಂಗಿಗಳಿಂದ ಕಟ್ಟಿ ಚಲನೆಯನ್ನು ತಡೆಯುವ ಕ್ರಮವನ್ನು ಇಲ್ಲಿ ‘ಬಂಧನ’ ಎಂದು ಕರೆಯಲಾಗಿದೆ. ಕೈಯಿಂದ ಹಿಡಿದಿಡುವುದು, ಕೋಣೆಯಲ್ಲಿ ಒಬ್ಬರನ್ನೇ ಕೂಡಿಹಾಕುವುದು, ಮಂಪರು ಬರಿಸುವ ಔಷಧ ಕೊಡುವುದು ಇವು ಬಂಧನಕ್ಕೆ ಹತ್ತಿರದವೇ ಆದರೂ ಹೆಸರಿಸಿ ಹೇಳಿದ ಕಡೆ ಮಾತ್ರ ಪರಿಗಣನೆಗೆ ಬರುತ್ತವೆ. ಉದ್ದೇಶ ಸೀಮಿತವಾದದ್ದು. ಇಂಗ್ಲೆಂಡಿನ ಲಿಂಕನ್ ಪಟ್ಟಣದ ಮಾನಸಿಕ ಆಸ್ಪತ್ರೆಯ ವಾರ್ಷಿಕ ಅಂಕಿಗಳನ್ನು ಮರಳಿ ಲೆಕ್ಕ ಹಾಕಿ, ಅಲ್ಲಿಂದ ಹುಟ್ಟುವ ಕೆಲವು ಪ್ರಶ್ನೆಗಳನ್ನು ಭಾರತದ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ 97ನೆಯ ಕಲಮಿನ ಮುಂದಿಡಲಾಗಿದೆ.

2. ಮೂಲ ಅಂಕಿಗಳು

ಲಿಂಕನ್ ಆಸ್ಪತ್ರೆ 1820ರಲ್ಲಿ ಆರಂಭವಾಯಿತು. 1829ರ ಫೆಬ್ರುವರಿಯಲ್ಲಿ, ಬಿಗಿಯಂಗಿ ತೊಡಿಸಿ ಹಾಸಿಗೆಗೆ ಕಟ್ಟಿದ್ದ ರೋಗಿಯೊಬ್ಬ ರಾತ್ರಿಯ ವೇಳೆ, ಬಳಿಯಲ್ಲಿ ಯಾರೂ ಇಲ್ಲದಾಗ ಸತ್ತ. ರಾತ್ರಿ ಯಾರನ್ನಾದರೂ ಕಟ್ಟಿದರೆ ಪರಿಚಾರಕನೊಬ್ಬ ಅದೇ ಕೋಣೆಯಲ್ಲಿ ಸತತವಾಗಿ ಇರಬೇಕೆಂಬ ಆದೇಶ ಹೊರಟದ್ದು ಇದರ ನಂತರ. ಬಂಧನದ ಪ್ರತಿ ಪ್ರಸಂಗವನ್ನೂ ಅದರ ಅವಧಿಯನ್ನೂ ಬರೆದಿಡುವ ಪುಸ್ತಕವೂ ಇದೇ ಕಾಲದ್ದು. ಆಸ್ಪತ್ರೆಯ ನಿವಾಸಿ ವೈದ್ಯ ರಾಬರ್ಟ್ ಗಾರ್ಡಿನರ್ ಹಿಲ್ 1838ರ ಜೂನ್ 21ರಂದು ಲಿಂಕನ್‌ನಲ್ಲಿ ಉಪನ್ಯಾಸ ಕೊಟ್ಟ. 1839ರಲ್ಲಿ ಅದು ಅಚ್ಚಾಯಿತು. ಕೆಳಗಿನ ಅಂಕಿಗಳು ಹಿಲ್ ಪ್ರಕಟಿಸಿದ ಕೋಷ್ಟಕದವು. ಅನುಕ್ರಮ: ವರ್ಷ, ಒಟ್ಟು ರೋಗಿಗಳು, ಬಂಧನಕ್ಕೊಳಗಾದವರು, ಪ್ರಸಂಗಗಳು, ಒಟ್ಟು ಗಂಟೆಗಳು.

1830: 92, 54, 2,364, 27,113¾
1831: 70, 40, 1,004, 10,830
1832: 81, 55, 1,401, 15,671½
1833: 87, 44, 1,109, 12,003½
1834: 109, 45, 647, 6,597
1835: 108, 28, 323, 2,874
1836: 115, 12, 39, 334
1837: 130, 2, 3, 28
1838: 148, 0, 0, 0

‘ಒಟ್ಟು ರೋಗಿಗಳು’ ಎಂಬುದು ಬಹುಶಃ ಆ ವರ್ಷ ಆಸ್ಪತ್ರೆಯಲ್ಲಿ ಇದ್ದುಹೋದವರೆಲ್ಲರ ಸಂಖ್ಯೆ. ಯಾವುದೇ ಒಂದು ದಿನದ ಹಾಜರಿಯಲ್ಲ. ಹಾಗಿದ್ದರೆ ಕೆಳಗಿನ ಶೇಕಡಾವಾರುಗಳನ್ನು ವ್ಯಕ್ತಿಗಳ ಪ್ರಮಾಣವೆಂದೇ ಓದಬೇಕು. ಅವುಗಳಿಂದ ದಿನದ ಸರಾಸರಿಯನ್ನು ತೆಗೆಯಲಾಗದು.

3. ಮರುಲೆಕ್ಕ

1830ರಲ್ಲಿ ಶೇ. 58.7ರಷ್ಟು ರೋಗಿಗಳನ್ನು ಒಮ್ಮೆಯಾದರೂ ಕಟ್ಟಲಾಗಿತ್ತು. 1834ರಲ್ಲಿ ಈ ಪ್ರಮಾಣ ಶೇ. 41.3, 1836ರಲ್ಲಿ ಶೇ. 10.4. ಗಂಟೆಗಳ ಮೊತ್ತವನ್ನು ವರ್ಷದ 8,760 ಗಂಟೆಗಳಿಂದ ಭಾಗಿಸಿದರೆ, 1830ರಲ್ಲಿ ಹಗಲಿರುಳೆನ್ನದೆ ಯಾವುದೇ ಗಳಿಗೆಯಲ್ಲಿ ಸರಾಸರಿ 3 ಮಂದಿ ಕಟ್ಟಿಸಿಕೊಂಡು ಇದ್ದರು ಎಂದಾಗುತ್ತದೆ.

ಹೆಚ್ಚು ಗಮನಿಸಬೇಕಾದದ್ದು ಪ್ರತಿ ಪ್ರಸಂಗದ ಸರಾಸರಿ ಅವಧಿ. ಅದು 1830ರಲ್ಲಿ 11.5 ಗಂಟೆ, 1834ರಲ್ಲಿ 10.2, 1835ರಲ್ಲಿ 8.9, 1836ರಲ್ಲಿ 8.6; 1837ರ ಮೂರೇ ಪ್ರಸಂಗಗಳಲ್ಲಿ 9.3. ಪ್ರಸಂಗಗಳ ಸಂಖ್ಯೆ 1830ರಿಂದ 1836ರ ವೇಳೆಗೆ ಅರವತ್ತರಲ್ಲಿ ಒಂದು ಪಾಲಿಗೆ ಇಳಿದಿದ್ದರೂ ಅವಧಿ ಕಾಲುಭಾಗದಷ್ಟೇ ತಗ್ಗಿದೆ. ಎಂದರೆ, ಕಟ್ಟಿದವರನ್ನು ಬೇಗ ಬಿಚ್ಚಿದ್ದರಿಂದ ಬಂಧನ ಕಡಿಮೆಯಾಗಲಿಲ್ಲ. ಕಟ್ಟುವುದೇ ಅಪರೂಪವಾದ್ದರಿಂದ ಕಡಿಮೆಯಾಯಿತು. 8ರಿಂದ 12 ಗಂಟೆಯ ಸರಾಸರಿ ಒಂದು ರಾತ್ರಿಯ ಅವಧಿಗೆ ಹತ್ತಿರವಿರುವುದರಿಂದ, ಬಹುಪಾಲು ಪ್ರಸಂಗಗಳು ರಾತ್ರಿಯವೇ ಇರಬಹುದೆಂಬ ಊಹೆಗೆ ಅವಕಾಶವಿದೆ. ಆದರೆ ಕೋಷ್ಟಕದಲ್ಲಿ ಹಗಲು, ರಾತ್ರಿಗಳ ವಿಂಗಡಣೆ ಇಲ್ಲ. ಊಹೆಯನ್ನು ಊಹೆಯಾಗಿಯೇ ಉಳಿಸಬೇಕು.

ಇಳಿಕೆ ನೇರವಾದದ್ದೂ ಅಲ್ಲ. 1831ರ 1,004 ಪ್ರಸಂಗಗಳು 1832ರಲ್ಲಿ 1,401ಕ್ಕೆ ಏರಿವೆ. ಗಂಟೆಗಳು ಅದಕ್ಕಿಂತ ತುಸು ಹೆಚ್ಚಿನ ಪ್ರಮಾಣದಲ್ಲಿ ಏರಿವೆ. ಲಿಂಕನ್ ಸುಧಾರಣೆಯನ್ನು ಒಂದೇ ಗತಿಯ ಮುನ್ನಡೆಯಂತೆ ಹೇಳುವ ಬರಹಗಳಲ್ಲಿ ಈ ಏರಿಕೆ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ.

4. ಶ್ರೇಯಸ್ಸಿನ ವಿವಾದ

ಹಿಲ್ ಲಿಂಕನ್ ಸೇರಿದ್ದು 1835ರಲ್ಲಿ. ಮೇಲಿನ ಅಂಕಿಗಳ ಪ್ರಕಾರ 1830ರಿಂದ 1834ರ ನಡುವೆಯೇ ಪ್ರಸಂಗಗಳು ಶೇ. 72.6ರಷ್ಟು ಇಳಿದಿದ್ದವು. ಆ ಭಾಗ ಆಸ್ಪತ್ರೆಯ ಭೇಟಿ ವೈದ್ಯ ಎಡ್ವರ್ಡ್ ಪಾರ್ಕರ್ ಚಾರ್ಲ್ಸ್‌ವರ್ತ್‌ನ ಕಾಲದ್ದು. ಉಳಿದದ್ದನ್ನು ಸೊನ್ನೆಗೆ ತಂದದ್ದು, ಸೊನ್ನೆ ಸಾಧ್ಯವೆಂದು ಬಹಿರಂಗವಾಗಿ ವಾದಿಸಿದ್ದು ಹಿಲ್. 1853ರಲ್ಲಿ ಚಾರ್ಲ್ಸ್‌ವರ್ತ್ ತೀರಿಕೊಂಡು 1854ರಲ್ಲಿ ಲಿಂಕನ್‌ನಲ್ಲಿ ಆತನ ಪ್ರತಿಮೆ ನಿಂತ ಮೇಲೆ ಶ್ರೇಯಸ್ಸು ಯಾರದೆಂಬ ವಿವಾದ ಬಿಸಿಯಾಯಿತು. ಹಿಲ್ 1857ರಲ್ಲಿ ತನ್ನ ಪರವಾಗಿ ಒಂದು ಇತಿಹಾಸವನ್ನೇ ಬರೆದ. ಕೋಷ್ಟಕ ಇಬ್ಬರಿಗೂ ಪಾಲು ಕೊಡುತ್ತದೆ, ಮತ್ತು ಆ ಕೋಷ್ಟಕವನ್ನು ಅಚ್ಚು ಹಾಕಿಸಿದವನು ಹಿಲ್‌ನೇ ಎಂಬುದನ್ನೂ ಮರೆಯಬಾರದು.

ವೈದ್ಯ ಜಾನ್ ಕಾನೊಲಿ 1839ರ ಮೇ ತಿಂಗಳಲ್ಲಿ ಲಿಂಕನ್ ನೋಡಿ, ಜೂನ್‌ನಲ್ಲಿ ಲಂಡನ್ ಬಳಿಯ ಹ್ಯಾನ್‌ವೆಲ್ ಆಸ್ಪತ್ರೆಗೆ ಬಂದ. ಸುಮಾರು 800 ರೋಗಿಗಳಿದ್ದ ಅಲ್ಲಿ 1839ರ ಸೆಪ್ಟೆಂಬರ್ 21ರಿಂದ ಬಂಧನ ನಿಂತಿತು. ಬಂಧನರಹಿತ ಕ್ರಮ ಹೆಸರಾದದ್ದು ಹ್ಯಾನ್‌ವೆಲ್‌ನಿಂದಾದರೂ, ಲಿಂಕನ್ ಮೊದಲಿನದೆಂಬುದನ್ನು ಕಾನೊಲಿ ಮರೆಮಾಚಲಿಲ್ಲ.

5. ಎಣಿಕೆಗೆ ಬಾರದ್ದು

ಲಿಂಕನ್ ಕೋಷ್ಟಕ ಉಪಕರಣಗಳಿಂದ ಕಟ್ಟಿದ್ದನ್ನು ಮಾತ್ರ ಎಣಿಸುತ್ತದೆ. ಪರಿಚಾರಕರು ಕೈಯಿಂದ ಹಿಡಿದ ಹೊತ್ತು ಅದರಲ್ಲಿಲ್ಲ. ಹ್ಯಾನ್‌ವೆಲ್‌ನಲ್ಲಿ ಮೆತ್ತೆಗೋಡೆಯ ಕೋಣೆಯೊಳಗೆ ಒಬ್ಬರನ್ನೇ ಇಡುವ ಕ್ರಮ ಬಳಕೆಯಲ್ಲಿತ್ತು. ಹಗ್ಗದ ಜಾಗಕ್ಕೆ ಬಾಗಿಲು ಬಂದಿದೆಯಷ್ಟೇ ಎಂಬ ಆಕ್ಷೇಪವನ್ನು ಸಮಕಾಲೀನರು ಎತ್ತಿದ್ದರು. ಪ್ಯಾರಿಸ್‌ನ ಬಿಸೆತ್ರ್ ಆಸ್ಪತ್ರೆಯ ವಿಷಯದಲ್ಲೂ ಇಂಥದೇ ತಿದ್ದುಪಡಿ ಬೇಕು. ಅಲ್ಲಿ ಸರಪಳಿ ಕಳಚಿದವನು ವೈದ್ಯ ಫಿಲಿಪ್ ಪಿನೆಲ್ ಎಂಬ ಚಿತ್ರ ಪ್ರಸಿದ್ಧ. ಆದರೆ ಪಿನೆಲ್ 1793ರಲ್ಲಿ ಬಿಸೆತ್ರ್‌ಗೆ ಬಂದು 1795ರಲ್ಲಿ ಬಿಟ್ಟಿದ್ದ. ಸರಪಳಿಗಳನ್ನು ತೆಗೆಸಿದ್ದು 1797ರಲ್ಲಿ, ವಾರ್ಡಿನ ಮೇಲ್ವಿಚಾರಕ ಜಾನ್-ಬಾಪ್ತಿಸ್ತ್ ಪುಸ್ಸಾಂ. ಸರಪಳಿಯ ಬದಲು ಬಿಗಿಯಂಗಿ ಬಂದಿತು ಎಂಬುದು ಈ ಕಥೆಯ ಕಡಿಮೆ ಪ್ರಚಲಿತ ಭಾಗ. ನಿರ್ಣಾಯಕ ಹೆಜ್ಜೆಯನ್ನಿಟ್ಟವನು ವೈದ್ಯನಲ್ಲ, ಹಗಲಿರುಳು ರೋಗಿಗಳ ಜೊತೆಗಿದ್ದ ಪರಿಚಾರಕ ಎಂಬುದು ಶುಶ್ರೂಷೆಯ ಇತಿಹಾಸದಲ್ಲಿ ಇನ್ನೂ ಸ್ಪಷ್ಟವಾಗಿ ದಾಖಲಾಗಬೇಕಾದ ಸಂಗತಿ.

ಒಂದು ಬಗೆಯ ತಡೆ ಇಳಿದಾಗ ಇನ್ನೊಂದು ಬಗೆಯದು ಏರಿತೇ ಎಂದು ನೋಡದೆ ‘ಬಂಧನ ಕಡಿಮೆಯಾಗಿದೆ’ ಎನ್ನುವುದು ಅಪೂರ್ಣ.

6. 97ನೆಯ ಕಲಂ

2017ರ ಅಧಿನಿಯಮಕ್ಕೆ ಅಂಕಿತ ಬಿದ್ದದ್ದು ಆ ವರ್ಷದ ಏಪ್ರಿಲ್ 7ರಂದು; ಜಾರಿಗೆ ಬಂದದ್ದು 2018ರ ಮೇ 29ರಂದು. ಹಿನ್ನೆಲೆಯಲ್ಲಿ ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯ ದುರಂತವಿದೆ: 2001ರ ಆಗಸ್ಟ್ 6ರ ನಸುಕಿನಲ್ಲಿ ಖಾಸಗಿ ಮನೋರೋಗಿಗಳ ನಿವಾಸಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದವರು ತಪ್ಪಿಸಿಕೊಳ್ಳಲಾಗಲಿಲ್ಲ. ಸತ್ತವರ ಸಂಖ್ಯೆಯಲ್ಲಿ ವ್ಯತ್ಯಾಸವಿದೆ. ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡ ಪ್ರಕರಣದ ಶೀರ್ಷಿಕೆಯಲ್ಲೇ 25 ಎಂದಿದೆ. ನಂತರದ ಬರಹಗಳಲ್ಲಿ 28 ರೂಢಿ. ಮೊದಲ ದಿನದ ಲೆಕ್ಕಕ್ಕೆ ಆಮೇಲೆ ತೀರಿಕೊಂಡ ಗಾಯಾಳುಗಳು ಸೇರಿದ್ದರಿಂದ ಈ ಅಂತರ ಬಂದಿರುವಂತೆ ತೋರುತ್ತದೆ. ಉಲ್ಲೇಖಿಸುವವರು ಯಾವ ಸಂಖ್ಯೆ, ಯಾವ ಮೂಲದ್ದು ಎಂದು ಹೇಳುವುದು ಒಳಿತು.

ಸರಪಳಿಯನ್ನು 95ನೆಯ ಕಲಂ ಪೂರ್ತಿ ನಿಷೇಧಿಸುತ್ತದೆ. ಅದಕ್ಕೆ ವಿನಾಯಿತಿ ಇಲ್ಲ. 97ನೆಯ ಕಲಂ ಏಕಾಂತದಲ್ಲಿ ಕೂಡಿಹಾಕುವುದನ್ನು ನಿಷೇಧಿಸಿ, ದೈಹಿಕ ಬಂಧನಕ್ಕೆ ಎರಡು ಷರತ್ತುಗಳನ್ನು ಒಟ್ಟಿಗೆ ವಿಧಿಸುತ್ತದೆ: ಸನ್ನಿಹಿತವಾದ ತಕ್ಷಣದ ಹಾನಿಯನ್ನು ತಡೆಯಲು ಬೇರೆ ದಾರಿ ಇರಬಾರದು, ಮತ್ತು ಚಿಕಿತ್ಸೆಯ ಹೊಣೆಯ ಮನೋವೈದ್ಯರ ಅನುಮತಿ ಇರಬೇಕು. ವಿಧಾನ, ಸ್ವರೂಪ, ಸಮರ್ಥನೆ, ಅವಧಿ ಈ ನಾಲ್ಕನ್ನೂ ಕೂಡಲೇ ಚಿಕಿತ್ಸಾ ಟಿಪ್ಪಣಿಯಲ್ಲಿ ಬರೆಯಬೇಕು. ರೋಗಿಯ ನಾಮನಿರ್ದೇಶಿತ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು. ಎಲ್ಲ ಪ್ರಸಂಗಗಳೂ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ ಹೋಗುವ ಮಾಸಿಕ ವರದಿಯಲ್ಲಿರಬೇಕು.

ಗಂಟೆಗಳ ಗರಿಷ್ಠ ಮಿತಿ ಈ ಕಲಮಿನಲ್ಲಿಲ್ಲ. ಅನಿವಾರ್ಯವಾದಷ್ಟು ಹೊತ್ತು ಮಾತ್ರ ಎಂಬುದೇ ಮಿತಿ. ಅಮೆರಿಕದ ಒಕ್ಕೂಟ ನಿಯಮದಲ್ಲಿ ಹಿಂಸಾತ್ಮಕ ವರ್ತನೆಗಾಗಿ ವಯಸ್ಕರನ್ನು ಕಟ್ಟುವ ಒಂದು ಆದೇಶ 4 ಗಂಟೆಗೆ ಮುಗಿಯುತ್ತದೆ. 9ರಿಂದ 17 ವಯಸ್ಸಿನವರಿಗೆ 2 ಗಂಟೆ, ಅದಕ್ಕೂ ಕಿರಿಯರಿಗೆ 1 ಗಂಟೆ. ಜರ್ಮನಿಯ ಸಂವಿಧಾನ ನ್ಯಾಯಾಲಯ 2018ರ ಜುಲೈ 24ರ ತೀರ್ಪಿನಲ್ಲಿ, ಸುಮಾರು ಅರ್ಧ ಗಂಟೆ ಮೀರುವ ದೇಹವನ್ನು ಐದು ಅಥವಾ ಏಳು ಕಡೆ ಬಿಗಿಯುವ ಕಟ್ಟಿಗೆ ನ್ಯಾಯಾಧೀಶರ ಆದೇಶ ಬೇಕೆಂದಿತು. 1830ರ ಲಿಂಕನ್‌ನ ಸರಾಸರಿ ಪ್ರಸಂಗಕ್ಕೆ ಅಮೆರಿಕದ ಲೆಕ್ಕದಲ್ಲಿ ಕನಿಷ್ಠ ಮೂರು ಆದೇಶಗಳು ಬೇಕಾಗುತ್ತಿದ್ದವು. ಮಿತಿ ಇಲ್ಲದಿರುವುದು ದೋಷವೇ ಎಂದು ಈ ಟಿಪ್ಪಣಿ ತೀರ್ಮಾನಿಸುವುದಿಲ್ಲ, ಏಕೆಂದರೆ ‘4 ಗಂಟೆ’ ಎಂಬ ಗರಿಷ್ಠವು ವಾರ್ಡುಗಳಲ್ಲಿ ಕನಿಷ್ಠವಾಗಿಬಿಡುವ ಅಪಾಯವೂ ಇದೆ. ಆದರೆ ಮಿತಿ ಇಲ್ಲದ ಕಡೆ ಅವಧಿಯ ದಾಖಲೆಯೇ ಏಕೈಕ ಕಾವಲು. ಮಾಸಿಕ ವರದಿಯಲ್ಲಿ ‘ಪ್ರಸಂಗ’ಗಳಿರಬೇಕೆಂದು ಕಲಂ ಹೇಳುತ್ತದೆ, ಒಟ್ಟು ಗಂಟೆಗಳನ್ನೂ ಆ ತಿಂಗಳ ರೋಗಿಗಳ ಸಂಖ್ಯೆಯನ್ನೂ ಜೊತೆಗೆ ಕೇಳುವುದಿಲ್ಲ. ಇವೆರಡಿಲ್ಲದೆ 3ನೆಯ ಭಾಗದ ಯಾವ ಲೆಕ್ಕವನ್ನೂ ಮಾಡಲಾಗದು. ಔಷಧದಿಂದ ತಡೆಯುವುದನ್ನಂತೂ ಕಲಂ ಹೆಸರಿಸುವುದೇ ಇಲ್ಲ.

4ನೆಯ ಉಪಕಲಂ ಪ್ರತ್ಯೇಕವಾಗಿ ನಿಲ್ಲುತ್ತದೆ: ಶಿಕ್ಷೆಯಾಗಿ ಕಟ್ಟಕೂಡದು, ಸಿಬ್ಬಂದಿ ಕೊರತೆಯ ಕಾರಣಕ್ಕೂ ಕಟ್ಟಕೂಡದು. ಲಿಂಕನ್‌ನ ರಾತ್ರಿ ಆದೇಶ ಇದೇ ಸಮಸ್ಯೆಯನ್ನು ಇನ್ನೊಂದು ತುದಿಯಿಂದ ಹಿಡಿದಿತ್ತು. ಕಟ್ಟಿದ ಮೇಲೂ ಒಬ್ಬರು ಕುಳಿತಿರಲೇಬೇಕೆಂದಾಗ ಕಟ್ಟುವುದರಿಂದ ಆಳು ಉಳಿಯುವುದಿಲ್ಲ. ಕುಳಿತವರಿದ್ದರೆ ಕಟ್ಟುವ ಅಗತ್ಯವೂ ಬಹುಪಾಲು ಬೀಳುವುದಿಲ್ಲ. ಬರಿಯ ನಿಷೇಧಕ್ಕಿಂತ ಈ ಬಗೆಯ ಷರತ್ತು ಹೆಚ್ಚು ಪರಿಣಾಮಕಾರಿಯಾಗಬಹುದು ಎಂಬುದು ಪ್ರಸ್ತುತ ಅಂಕಿಗಳಿಂದ ಹೊರಡುವ ಅತಿ ಮುಖ್ಯ ಸೂಚನೆ. ಕಾರಣ-ಪರಿಣಾಮವನ್ನು ಅವು ಸಾಬೀತು ಮಾಡುವುದಿಲ್ಲ.

7. ಹಾಸಿಗೆಯ ಬಳಿ

ಬಂಧನದಲ್ಲಿ ಸಾವು ಬರುವ ದಾರಿಗಳು ತಿಳಿದವೇ: ಎದೆಪಟ್ಟಿಯೊಳಗೆ ಜಾರಿ ಕುತ್ತಿಗೆ ಸಿಕ್ಕಿಕೊಳ್ಳುವುದು, ಬೋರಲು ಮಲಗಿಸಿ ಅದುಮಿದಾಗ ಉಸಿರು ಕಟ್ಟುವುದು, ಅಂಗಾತ ಕಟ್ಟಿದವರಲ್ಲಿ ವಾಂತಿ ಶ್ವಾಸಕೋಶಕ್ಕೆ ಹೋಗುವುದು, ದೀರ್ಘ ನಿಶ್ಚಲತೆಯಿಂದ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶ ತಲುಪುವುದು. ಶುಶ್ರೂಷಾ ಪಠ್ಯಗಳ ನಿಯಮಗಳು ಇವಕ್ಕೆ ನೇರ ಉತ್ತರಗಳು. ಪಟ್ಟಿಯ ಅಡಿ ಎರಡು ಬೆರಳು ಹೋಗುವಷ್ಟು ಸಡಿಲವಿರಬೇಕು. ಗಂಟು ಒಂದೇ ಎಳೆತಕ್ಕೆ ಬಿಚ್ಚಬೇಕು. ಅದನ್ನು ಮಂಚದ ಚೌಕಟ್ಟಿಗೆ ಕಟ್ಟಬೇಕು, ಏರಿಳಿಸುವ ಪಕ್ಕದ ಕಂಬಿಗೆ ಕಟ್ಟಬಾರದು. ಬೋರಲು ಮಲಗಿಸಿ ಕಟ್ಟಲೇಬಾರದು. ತಲೆಯ ಭಾಗ ತುಸು ಎತ್ತರದಲ್ಲಿರಬೇಕು. ಬೆರಳುಗಳ ಬಣ್ಣ, ಬಿಸುಪು, ನಾಡಿಯನ್ನು ಆಗಾಗ, ರೂಢಿಯಂತೆ 15 ನಿಮಿಷಕ್ಕೊಮ್ಮೆ, ನೋಡಬೇಕು. 2 ಗಂಟೆಗೊಮ್ಮೆ ಒಂದೊಂದೇ ಅಂಗವನ್ನು ಬಿಚ್ಚಿ ಆಡಿಸಬೇಕು. ನೀರು, ಶೌಚ, ಚರ್ಮ ಮೂರನ್ನೂ ವಿಚಾರಿಸಬೇಕು.

ಈ 15 ನಿಮಿಷ, 2 ಗಂಟೆಗಳು ವೃತ್ತಿಯ ರೂಢಿಯಿಂದ ಬಂದವು. ನಿಯಂತ್ರಿತ ಪ್ರಯೋಗಗಳ ಫಲವೆಂದು ಅವನ್ನು ಉಲ್ಲೇಖಿಸಬಾರದು. 97ನೆಯ ಕಲಂ ನಿಗದಿತ ಅಂತರವನ್ನು ಹೇಳದೆ ‘ಸತತ ಮೇಲ್ವಿಚಾರಣೆ’ಯನ್ನು ವೈದ್ಯಕೀಯ ಸಿಬ್ಬಂದಿಗೆ ವಹಿಸುತ್ತದೆ. ನರ್ಸ್ ಎಂಬ ಪದ ಅಲ್ಲಿಲ್ಲ. ಮೇಲ್ವಿಚಾರಣೆ ನಡೆಯುವುದು ಮಾತ್ರ ಅವರಿಂದಲೇ.

8. ಸಾಮಾನ್ಯ ಆಸ್ಪತ್ರೆಯ ಸಂದೇಹ

ತೀವ್ರ ನಿಗಾ ಘಟಕದಲ್ಲಿ (ಐಸಿಯು) ಸನ್ನಿ ಹಿಡಿದ ರೋಗಿ ಉಸಿರಾಟದ ಕೊಳವೆಯನ್ನು ಕೀಳದಿರಲೆಂದು ಮಣಿಕಟ್ಟನ್ನು ಗಾಜ್ ಬಟ್ಟೆಯಿಂದ ಮಂಚಕ್ಕೆ ಕಟ್ಟುವುದುಂಟು. ಕಟ್ಟಿದವರೇ ಕೊಳವೆಯನ್ನು ಹೆಚ್ಚು ಕಿತ್ತುಕೊಂಡಿದ್ದಾರೆಂದು ಹಲವು ವೀಕ್ಷಣಾ ಅಧ್ಯಯನಗಳು ಹೇಳುತ್ತವೆ. ಹೆಚ್ಚು ಚಡಪಡಿಸುವವರನ್ನೇ ಕಟ್ಟುವುದರಿಂದ ಈ ಸಂಬಂಧವನ್ನು ಕಾರಣವೆಂದು ಓದುವಂತಿಲ್ಲ. ಕಟ್ಟು ರಕ್ಷಣೆ ಕೊಡುತ್ತದೆ ಎಂಬುದಕ್ಕೂ ಗಟ್ಟಿ ಪುರಾವೆಯಿಲ್ಲ.

97ನೆಯ ಕಲಂ ಈ ರೋಗಿಗೆ ಅನ್ವಯಿಸುತ್ತದೆಯೇ? ಅಧಿನಿಯಮದ ವ್ಯಾಖ್ಯೆಯಲ್ಲಿ ಆಲೋಚನೆ, ಗ್ರಹಿಕೆ, ಸ್ಥಳ-ಕಾಲಗಳ ಅರಿವು, ನೆನಪುಗಳ ಗಣನೀಯ ಅಸ್ತವ್ಯಸ್ತತೆ ಮಾನಸಿಕ ಅಸ್ವಸ್ಥತೆಯೊಳಗೆ ಬರುತ್ತದೆ. ಸನ್ನಿ ಇದರೊಳಗೆ ಸೇರಬಹುದೆಂದು ವಾದಿಸಲು ಅವಕಾಶವಿದೆ. ಸಾಮಾನ್ಯ ಆಸ್ಪತ್ರೆಗಳೂ ಕೆಲವು ಸಂದರ್ಭಗಳಲ್ಲಿ ‘ಮಾನಸಿಕ ಆರೋಗ್ಯ ಸಂಸ್ಥೆ’ಯ ವ್ಯಾಖ್ಯೆಗೆ ಒಳಪಡುತ್ತವೆ. ಇನ್ನೊಂದು ಕಡೆ, ನಡುರಾತ್ರಿಯ ಐಸಿಯುವಿನಲ್ಲಿ ಮನೋವೈದ್ಯರ ಅನುಮತಿ ಪಡೆಯುವ ವ್ಯವಸ್ಥೆಯನ್ನು ಕಲಂ ಕಲ್ಪಿಸಿಕೊಂಡಂತೆ ಕಾಣುವುದಿಲ್ಲ. ಅನ್ವಯಿಸದೆಂದು ಓದಿದರೆ, ಉಳಿಯುವುದು, ಆಸ್ಪತ್ರೆಗಳ ಗುಣಮಟ್ಟವನ್ನು ಪರಿಶೀಲಿಸುವ ಎನ್‌ಎಬಿಎಚ್ ಸಂಸ್ಥೆಯ ಮಾನ್ಯತೆ ಬಯಸುವ ಆಸ್ಪತ್ರೆಗಳು ಸ್ವಇಚ್ಛೆಯಿಂದ ಒಪ್ಪುವ ಲಿಖಿತ ನೀತಿ; ಮಂಡಳಿಗೆ ಹೋಗುವ ಮಾಸಿಕ ವರದಿ ಅಲ್ಲಿಲ್ಲ. ಹೀಗಾಗಿ ಐಸಿಯುವಿನ ಕಟ್ಟುಗಳು 97ನೆಯ ಕಲಮಿನಡಿ ಬರುವ ರಾಜ್ಯವಾರು ಅಂಕಿಗಳಲ್ಲಿ ಬಹುಮಟ್ಟಿಗೆ ಸೇರಿರಲಾರವು. ಆ ಅಂಕಿಗಳನ್ನು ಬಳಸುವವರು ಈ ಕೊರತೆಯನ್ನು ಹೇಳಿಯೇ ಬಳಸಬೇಕು. ಕಾನೂನಿನ ಪ್ರಶ್ನೆ ಇತ್ಯರ್ಥವಾಗುವವರೆಗೆ ವಾರ್ಡಿನ ಪಾಳಿ ಪುಸ್ತಕದಲ್ಲೇ ಪ್ರತಿ ಕಟ್ಟಿಗೂ ನಾಲ್ಕು ಅಂಕಣ ಇಡಬಹುದು: ಕಟ್ಟಿದ ಗಂಟೆ, ಬಿಚ್ಚಿದ ಗಂಟೆ, ಕಟ್ಟುವ ಮೊದಲು ಏನೇನು ಪ್ರಯತ್ನಿಸಲಾಯಿತು, ಆ ಹೊತ್ತಿಗೆ ಬಳಿಯಲ್ಲಿ ಯಾರಿದ್ದರು.