ಬಿಸಿಲು ಬೇರೆ, ಸೆಕೆ ಬೇರೆ: ಕಾಸರಗೋಡು ಕರಾವಳಿಯ ಮಾರ್ಚ್ ವಾರ

ಕುಂಭ ಮಾಸ ಕಳೆದು ಮೀನ ಮಾಸ ಹುಟ್ಟುವ ಹೊತ್ತು, ಅಂದರೆ ಮಾರ್ಚ್ ತಿಂಗಳ ನಡುವಿನ ವಾರ, ಕಾಸರಗೋಡು ಕರಾವಳಿಯಲ್ಲಿ ಹವೆ ತಿರುಗುವ ಕಾಲ. ತುಳು ತಿಂಗಳ ಲೆಕ್ಕದಲ್ಲಿ ಮಾಯಿ ಮುಗಿದು ಸುಗ್ಗಿ ಬರುತ್ತದೆ. ಒಂದು ತಿಂಗಳ ಹಿಂದೆ, ಕೆಡ್ಡಸದ ದಿನಗಳಲ್ಲಿ, ಬೆಳಗಿನ ಜಾವ ಹೊದಿಕೆ ಬೇಕಿತ್ತು. ಈಗ ಮಂಜೇಶ್ವರದಿಂದ ನೀಲೇಶ್ವರದವರೆಗೆ ರಾತ್ರಿಯಿಡೀ ಫ್ಯಾನ್ ತಿರುಗುತ್ತದೆ.

ಆದರೆ ಪತ್ರಿಕೆಯಲ್ಲಿ ಬರುವ ಗರಿಷ್ಠ ಉಷ್ಣಾಂಶ ನೋಡಿದರೆ ಅಂಥ ದೊಡ್ಡ ಬದಲಾವಣೆ ಕಾಣುವುದಿಲ್ಲ. ಮಂಗಳೂರಿನಲ್ಲಿ ಜನವರಿಯ ಸರಾಸರಿ ಗರಿಷ್ಠ ಸುಮಾರು 33 ಡಿಗ್ರಿ ಸೆಲ್ಸಿಯಸ್, ಏಪ್ರಿಲ್‌ನಲ್ಲಿ ಸುಮಾರು 34. ಒಂದು ಡಿಗ್ರಿಗೆ ಇಷ್ಟೊಂದು ಗೋಳೇ ಎಂದು ಒಳನಾಡಿನವರು ಕೇಳಿದರೆ ತಪ್ಪಲ್ಲ. ನೋಡಬೇಕಾದ ಅಂಕಿ ಅದಲ್ಲ, ಅದರ ಪಕ್ಕದಲ್ಲಿ ಸಣ್ಣದಾಗಿ ಅಚ್ಚಾಗುವ ಕನಿಷ್ಠ ಉಷ್ಣಾಂಶ. ಅದು ಜನವರಿಯಲ್ಲಿ 21ರ ಆಸುಪಾಸು ಇದ್ದದ್ದು ಏಪ್ರಿಲ್‌ಗೆ 25-26ಕ್ಕೆ ಏರುತ್ತದೆ. ಕರಾವಳಿಯಲ್ಲಿ ಬೇಸಿಗೆ ಹಗಲಿಗಿಂತ ಹೆಚ್ಚಾಗಿ ರಾತ್ರಿಯಲ್ಲಿ ಬರುತ್ತದೆ. ನಮ್ಮ ಆಡುಮಾತಿನಲ್ಲಿ ಬಿಸಿಲಿಗೆ ಒಂದು ಶಬ್ದ, ಸೆಕೆಗೆ ಇನ್ನೊಂದು ಶಬ್ದ ಇರುವುದು ಸುಮ್ಮನೆ ಅಲ್ಲ.

ಮೂಡು ಗಾಳಿ, ಪಡು ಗಾಳಿ

ಈ ವಾರದ ಹವೆಯನ್ನು ನಿರ್ಧರಿಸುವುದು ಎರಡು ಗಾಳಿಗಳ ಹಗ್ಗಜಗ್ಗಾಟ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಮುಂಜಾನೆ ಬೀಸುವುದು ಘಟ್ಟದ ಮೇಲಿಂದ ಬರುವ ಒಣ ಮೂಡು ಗಾಳಿ. ಗಾಳಿ ಬೆಟ್ಟದಿಂದ ಕೆಳಗಿಳಿಯುವಾಗ ಒತ್ತಡ ಹೆಚ್ಚಿ ತಾನೇ ಬಿಸಿಯಾಗುತ್ತದೆ. 100 ಮೀಟರ್ ಇಳಿದರೆ ಸುಮಾರು 1 ಡಿಗ್ರಿಯಷ್ಟು. ಮಡಿಕೇರಿ ಇರುವುದು ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿ. ಅಲ್ಲಿ 25 ಡಿಗ್ರಿ ಇದ್ದ ಹಿತವಾದ ಗಾಳಿಯೇ ನೇರವಾಗಿ ಕರಾವಳಿಗೆ ಇಳಿದು ಬಂದರೆ 36ರ ಉರಿಗಾಳಿಯಾಗುತ್ತದೆ ಎಂದು ಲೆಕ್ಕ ಹಾಕಬಹುದು. ಘಟ್ಟದ ಗಾಳಿ ಎಂದರೆ ತಂಪು ಎಂಬ ನಂಬಿಕೆ ಮಧ್ಯಾಹ್ನದ ಮಟ್ಟಿಗೆ ಸುಳ್ಳು.

ಇದನ್ನು ತಡೆಯುವುದು ಕಡಲ ಕಡೆಯ ಪಡು ಗಾಳಿ. ಬಿಸಿಲಿಗೆ ನೆಲ ಬೇಗ ಕಾಯುತ್ತದೆ, ಕಡಲು ನಿಧಾನ. ನೆಲದ ಮೇಲಿನ ಬಿಸಿ ಗಾಳಿ ಮೇಲೇರಿದ ಜಾಗಕ್ಕೆ ಕಡಲಿನ ತಂಪು ಗಾಳಿ ನುಗ್ಗುತ್ತದೆ. ಸಾಮಾನ್ಯವಾಗಿ ಬೆಳಿಗ್ಗೆ 11ರ ಸುಮಾರಿಗೆ ಇದು ಶುರುವಾದರೆ ಉಷ್ಣಾಂಶ 33-34ಕ್ಕೆ ನಿಂತುಬಿಡುತ್ತದೆ. ಮೂಡು ಗಾಳಿ ಜೋರಾಗಿದ್ದ ದಿನ ಪಡು ಗಾಳಿ ದಡದಲ್ಲೇ ತಡವಾಗುತ್ತದೆ. ಮಧ್ಯಾಹ್ನ ಎರಡು ಗಂಟೆಯಾದರೂ ತೆಂಗಿನ ಗರಿ ಪಡುವಣದ ಗಾಳಿಗೆ ಅಲುಗಾಡದಿದ್ದರೆ ಆ ದಿನ ಉಷ್ಣಾಂಶ 37 ದಾಟುವ ಸಂಭವ ಇರುತ್ತದೆ.

ಮಾರ್ಚ್ ನಡುವಿನ ವಾರದಲ್ಲಿ ಈ ಜಗ್ಗಾಟದ ಪಾರಮ್ಯ ಬದಲಾಗುತ್ತದೆ. ಮೊದಲ ಎರಡು ಮೂರು ದಿನ ಬೆಳಿಗ್ಗೆ ಮಂಜು, ಮಧ್ಯಾಹ್ನ ಉರಿ, ಸಂಜೆ ಸ್ವಲ್ಪ ನಿರಾಳ. ಆಮೇಲೆ ಪಡು ಗಾಳಿ ದಿನದಿನಕ್ಕೆ ಬೇಗ ಎದ್ದು ಒಳನಾಡಿನ ಕಡೆಗೆ ಹೆಚ್ಚು ದೂರ ಹೋಗುತ್ತದೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯಾದ ಕಡೆಗೂ ತೇವ ತಲುಪುತ್ತದೆ. ಗರಿಷ್ಠ ಉಷ್ಣಾಂಶ ಒಂದೆರಡು ಡಿಗ್ರಿ ಇಳಿದರೂ ಇಳಿಯಬಹುದು, ಆದರೆ ಕನಿಷ್ಠ ಏರುತ್ತದೆ. ಗಾಳಿಯಲ್ಲಿ ನೀರಿನ ಆವಿ ಹೆಚ್ಚಿದಷ್ಟೂ ನೆಲ ರಾತ್ರಿ ತನ್ನ ಕಾವನ್ನು ಆಕಾಶಕ್ಕೆ ಬಿಟ್ಟುಕೊಡುವುದು ಕಷ್ಟ. ಕಡಲೂ ಕಾಯುತ್ತಿರುತ್ತದೆ: ಫೆಬ್ರವರಿಯಲ್ಲಿ 28 ಡಿಗ್ರಿಯ ಆಸುಪಾಸಿನಲ್ಲಿದ್ದ ನಮ್ಮ ಕಡೆಯ ಅರಬ್ಬೀ ಸಮುದ್ರದ ಮೇಲ್ಮೈ ಏಪ್ರಿಲ್-ಮೇ ಹೊತ್ತಿಗೆ 30 ದಾಟುತ್ತದೆ. ತಾರಸಿ ಮನೆಗಳಲ್ಲಿ ಹಗಲು ಕುಡಿದ ಬಿಸಿಲನ್ನು ಕಾಂಕ್ರೀಟು ನಡುರಾತ್ರಿವರೆಗೆ ಕಕ್ಕುವುದರಿಂದ ಹಂಚಿನ ಮನೆಯವರಿಗಿಂತ ಅಲ್ಲಿನವರಿಗೆ ಸೆಕೆ ಹೆಚ್ಚು. ಪ್ರತಿ ವರ್ಷ ಇದೇ ತಾರೀಕಿಗೆ ಹೀಗೇ ಆಗುತ್ತದೆ ಎಂದಲ್ಲ, ಹತ್ತು ದಿನ ಆಚೀಚೆ ಆಗುವುದುಂಟು.

36ಕ್ಕಿಂತ 34 ಹೆಚ್ಚಾಗುವುದು ಹೇಗೆ?

ನಮ್ಮ ದೇಹ ತಂಪಾಗುವುದು ಬೆವರು ಆರಿದಾಗ. ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಬೆವರು ಸುರಿಯುತ್ತದೆ, ಆರುವುದಿಲ್ಲ. ಉಷ್ಣಾಂಶ ಮತ್ತು ತೇವಾಂಶ ಎರಡನ್ನೂ ಸೇರಿಸಿ ಮೈಗೆ ಎಷ್ಟು ಬಿಸಿ ಅನ್ನಿಸುತ್ತದೆ ಎಂದು ಹೇಳುವ ಸೂಚ್ಯಂಕವೊಂದಿದೆ. ಅದರ ಪ್ರಕಾರ ನೆರಳಿನಲ್ಲಿ 36 ಡಿಗ್ರಿ, ಶೇ. 30 ತೇವಾಂಶ ಇದ್ದರೆ ಮೈಗೆ ಅನ್ನಿಸುವುದು 36ರಷ್ಟೇ. 34 ಡಿಗ್ರಿ, ಶೇ. 60 ತೇವಾಂಶ ಇದ್ದರೆ ಅನ್ನಿಸುವುದು 42. ಅಂದರೆ ಉಷ್ಣಾಂಶ ಎರಡು ಡಿಗ್ರಿ ಇಳಿದ ದಿನವೇ ಮೈಗೆ ಆರು ಡಿಗ್ರಿ ಹೆಚ್ಚು. ಮೂಡು ಗಾಳಿಯ ದಿನ ಗದ್ದೆಯಲ್ಲಿ ನಿಭಾಯಿಸಿದ ಕೆಲಸವನ್ನು ಪಡು ಗಾಳಿಯ ದಿನ ಅದೇ ಧೈರ್ಯದಲ್ಲಿ ಮಾಡಹೊರಟವರು ಸುಸ್ತಾಗಿ ಕೂರುವುದು ಇದರಿಂದಲೇ.

ಎಚ್ಚರಿಕೆ ಎರಡು ಭಾಷೆಯಲ್ಲಿ

ಗಡಿನಾಡಿನವರಿಗೆ ಇನ್ನೊಂದು ತೊಡಕಿದೆ. ಮಂಜೇಶ್ವರ, ಉಪ್ಪಳದ ಮನೆಗಳಲ್ಲಿ ಹವಾಮಾನ ಎಂದರೆ ಮಂಗಳೂರಿನ ಸುದ್ದಿ. ಅಲ್ಲಿನ ಅಂಕಿ ಬರುವುದು ಪಣಂಬೂರು ಮತ್ತು ಬಜ್ಪೆಯ ವೀಕ್ಷಣಾಲಯಗಳಿಂದ. ಆದರೆ ಕಾಸರಗೋಡು ಜಿಲ್ಲೆಗೆ ಅನ್ವಯಿಸುವ ಎಚ್ಚರಿಕೆ ತಿರುವನಂತಪುರದ ಹವಾಮಾನ ಕೇಂದ್ರ ಮತ್ತು ಕೇರಳ ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರದ್ದು, ಹೆಚ್ಚಾಗಿ ಮಲಯಾಳದಲ್ಲಿ. ಕನ್ನಡ ಶಾಲೆಯಲ್ಲಿ ಕಲಿತ ಹಿರಿಯರು ಮೊಬೈಲಿಗೆ ಬಂದ ಸಂದೇಶವನ್ನು ಓದದೆ ಬಿಡುವುದು ಸಾಮಾನ್ಯ.

ಆದ್ದರಿಂದ ಕೆಲವು ಶಬ್ದಗಳನ್ನು ತಿಳಿದಿಟ್ಟುಕೊಂಡರೆ ಒಳ್ಳೆಯದು. ‘ತಾಪನಿಲ’ ಎಂದರೆ ಉಷ್ಣಾಂಶ, ‘ಉಯರ್ನ್ನ’ ಗರಿಷ್ಠ, ‘ಕುರಞ್ಞ’ ಕನಿಷ್ಠ, ‘ಈರ್ಪ್ಪಂ’ ತೇವ. ‘ಮುನ್ನರಿಯಿಪ್ಪ್’ ಎಂದರೆ ಮುನ್ನೆಚ್ಚರಿಕೆ. ‘ಉಷ್ಣತರಂಗಂ’ ಎಂಬುದು ಕನ್ನಡ ಪತ್ರಿಕೆಗಳ ಬಿಸಿಗಾಳಿ. ‘ಸೂರ್ಯಾತಪಂ’ ಮತ್ತು ‘ಸೂರ್ಯಾಘಾತಂ’ ಕೇಳಲು ಹತ್ತಿರವಿದ್ದರೂ ಒಂದೇ ಅಲ್ಲ: ಮೊದಲನೆಯದು ಬಿಸಿಲಿಗೆ ಚರ್ಮ ಸುಡುವುದು, ಎರಡನೆಯದು ಜೀವಕ್ಕೇ ಅಪಾಯ ತರುವ ಬಿಸಿಲಾಘಾತ. ‘ಮಞ್ಞ’ ಅಂದರೆ ಹಳದಿ. ಹಳದಿ ಎಚ್ಚರಿಕೆ ಮಳೆಗೂ ಬರುತ್ತದೆ, ಬಿಸಿಲಿಗೂ ಬರುತ್ತದೆ. ಯಾವುದಕ್ಕೆ ಎಂದು ನೋಡದೆ ಕೊಡೆ ಹಿಡಿದು ಹೊರಟವರಿಗೆ ನಷ್ಟವೇನಿಲ್ಲ, ಎರಡಕ್ಕೂ ಅದು ಬೇಕು.

ಬಿಸಿಗಾಳಿ ಎಂದು ಘೋಷಿಸಲು ಭಾರತೀಯ ಹವಾಮಾನ ಇಲಾಖೆಗೆ ಅಳತೆಯಿದೆ. ಕರಾವಳಿಯಲ್ಲಿ ಗರಿಷ್ಠ ಉಷ್ಣಾಂಶ ಕನಿಷ್ಠ 37 ಡಿಗ್ರಿ ಇರಬೇಕು, ಜೊತೆಗೆ ಆ ದಿನಗಳ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ಬಯಲು ಸೀಮೆಗೆ 40, ಗುಡ್ಡಗಾಡಿಗೆ 30. ಹೀಗಾಗಿ ಆದೋನಿ, ಅಕ್ಕಲಕೋಟೆಯ ನೆಂಟರು 39 ಡಿಗ್ರಿಯನ್ನು ಮಾಮೂಲಿ ಎನ್ನುವಾಗ ಇಲ್ಲಿ ಅದು ಬಿಸಿಗಾಳಿಯಾಗಿರಬಹುದು. ಕಾಸರಗೋಡಿಗೆ ಹೆಚ್ಚಾಗಿ ಬರುವುದು ಈ ಘೋಷಣೆಯಲ್ಲ, ವಾಡಿಕೆಗಿಂತ ಎರಡು ಮೂರು ಡಿಗ್ರಿ ಹೆಚ್ಚಿರಬಹುದು ಎಂಬ ಹಳದಿ ಎಚ್ಚರಿಕೆ. ಬಿಸಿಗಾಳಿಯೇ ಬರುವುದಿಲ್ಲ ಎಂದಲ್ಲ. 2024ರ ಏಪ್ರಿಲ್ ಕೊನೆಗೆ ಪಾಲಕ್ಕಾಡಿನಲ್ಲಿ ಅದನ್ನು ಘೋಷಿಸಲಾಗಿತ್ತು. 2025ರಲ್ಲಿ ಕರಾವಳಿ ಕರ್ನಾಟಕಕ್ಕೆ ಫೆಬ್ರವರಿ ಕೊನೆಯ ವಾರದಲ್ಲೇ ಎಚ್ಚರಿಕೆ ಬಂತು. ಇಲಾಖೆಯ ಲೆಕ್ಕದಲ್ಲಿ ಫೆಬ್ರವರಿ ಇನ್ನೂ ಚಳಿಗಾಲದ ತಿಂಗಳು!

ತೋಟದಲ್ಲಿ

ಈ ವಾರದಲ್ಲಿ ಹೆಚ್ಚು ಚಿಂತೆ ಅಡಿಕೆ ಬೆಳೆಗಾರರಿಗೆ. ಅಡಿಕೆ ಮರಕ್ಕೆ ಒಂದು ಸರ್ತಿಗೆ 175 ಲೀಟರ್ ನೀರು ಎಂಬುದು ಶಿಫಾರಸು. ನವೆಂಬರ್-ಡಿಸೆಂಬರ್‌ನಲ್ಲಿ 7-8 ದಿನಕ್ಕೊಮ್ಮೆ, ಜನವರಿ-ಫೆಬ್ರವರಿಯಲ್ಲಿ 6 ದಿನಕ್ಕೊಮ್ಮೆ, ಮಾರ್ಚ್‌ನಿಂದ ಮೇವರೆಗೆ 3-5 ದಿನಕ್ಕೊಮ್ಮೆ. 500 ಮರದ ಸಣ್ಣ ತೋಟವನ್ನೇ ತೆಗೆದುಕೊಳ್ಳಿ. ಡಿಸೆಂಬರ್‌ನಲ್ಲಿ ದಿನದ ಲೆಕ್ಕದಲ್ಲಿ ಸುಮಾರು 12 ಸಾವಿರ ಲೀಟರ್ ಸಾಕಾಗಿದ್ದರೆ ಈಗ ನಾಲ್ಕು ದಿನಕ್ಕೊಮ್ಮೆ ಬಿಟ್ಟರೂ ದಿನಕ್ಕೆ 22 ಸಾವಿರ ಲೀಟರ್ ಬೇಕು. ಬೇಡಿಕೆ ಹೆಚ್ಚುವುದು ಸರಿಯಾಗಿ ಬಾವಿ, ಕೆರೆ ಇಳಿಯುವ ಹೊತ್ತಿಗೆ. ಡ್ರಿಪ್ ಇದ್ದವರಿಗೆ ಮರಕ್ಕೆ ದಿನಕ್ಕೆ 16-20 ಲೀಟರ್ ಸಾಕು, ಅಂದರೆ ಅದೇ ತೋಟಕ್ಕೆ ಹೆಚ್ಚೆಂದರೆ 10 ಸಾವಿರ. ಜೆಟ್ ಹಾರಿಸುವ ತೋಟ ಕಣ್ಣಿಗೆ ತಂಪಾಗಿ ಕಂಡರೂ ಮೂಡು ಗಾಳಿಯ ಮಧ್ಯಾಹ್ನ ಹಾರಿಸಿದ ನೀರಿನಲ್ಲಿ ಒಂದು ಪಾಲು ಗಾಳಿಗೇ ಹೋಗುತ್ತದೆ. ರಾತ್ರಿ ಅಥವಾ ನಸುಕಿನಲ್ಲಿ ಬಿಡುವುದು ಲೇಸು.

ಎಳೆಯ ಅಡಿಕೆ ಮರದ ಕಾಂಡಕ್ಕೆ ನೈಋತ್ಯ ದಿಕ್ಕಿನ ಇಳಿಬಿಸಿಲು ಬಡಿದರೆ ಸುಟ್ಟ ಕಲೆ ಬಿದ್ದು ಮುಂದೆ ಅಲ್ಲೇ ಮರ ಮುರಿಯುತ್ತದೆ. ಸೋಗೆ ಕಟ್ಟುವುದು, ಸುಣ್ಣ ಬಳಿಯುವುದು ಇದಕ್ಕಾಗಿ. ಹೊಸದಾಗಿ ನೆಡುವವರು ಸಾಲನ್ನು ಉತ್ತರ-ದಕ್ಷಿಣ ರೇಖೆಯಿಂದ 35 ಡಿಗ್ರಿ ಪಶ್ಚಿಮಕ್ಕೆ ವಾಲಿಸಿದರೆ ಮರಗಳು ಒಂದಕ್ಕೊಂದು ನೆರಳಾಗುತ್ತವೆ.

ಇದೇ ಬಿಸಿಲು ಅಂಗಳದಲ್ಲಿ ಬೇಕಾದದ್ದು ಎಂಬುದೂ ನಿಜ. ಚಾಲಿ ಅಡಿಕೆ ಒಣಗಲು ಸುಮಾರು 40 ದಿನದ ಖಡಕ್ ಬಿಸಿಲು ಬೇಕು. ಒಣ ಮೂಡು ಗಾಳಿ ಅಡಿಕೆಗೆ ಮಿತ್ರ, ತೇವದ ಪಡು ಗಾಳಿ ಬೂಸಲು ತರುತ್ತದೆ. ಗೇರುಬೀಜ ಹೆಕ್ಕುವ ಕಾಲವೂ ಇದೇ.

ಕಾಸರಗೋಡಿನಲ್ಲಿ ಹೊಳೆಗಳಿಗೆ ಬರವಿಲ್ಲ, ಜಿಲ್ಲೆಯಲ್ಲಿ 12 ಹೊಳೆಗಳನ್ನು ಎಣಿಸುತ್ತಾರೆ. ಆದರೆ ಇಳಿಜಾರು ನೆಲ, ಕೆಳಗೆ ಮುರಕಲ್ಲು. ಮಳೆಗಾಲದ ನೀರು ಬೇಗ ಕಡಲು ಸೇರುತ್ತದೆ. ಗುಡ್ಡದ ಮುರಕಲ್ಲಿನೊಳಗೆ ಅಡ್ಡಕ್ಕೆ ಕೊರೆದ ಸುರಂಗಗಳು, ತೋಡುಗಳಿಗೆ ಮಳೆ ನಿಂತ ಮೇಲೆ ಹಾಕುವ ಕಟ್ಟಗಳು ಈ ಕೊರತೆಗೆ ನಮ್ಮ ಹಿರಿಯರು ಕಂಡುಕೊಂಡ ಉತ್ತರ. ಏತಡ್ಕದ ಕಟ್ಟಗಳು ಹೆಸರುವಾಸಿ. ಕಟ್ಟ ಹಾಕಿದ ತೋಡಿನ ಇಕ್ಕೆಲದ ಬಾವಿಗಳಲ್ಲಿ ಮಾರ್ಚ್‌ನಲ್ಲೂ ನೀರು ನಿಂತಿರುವುದನ್ನು ಹೋಗಿ ನೋಡಬಹುದು. ಹೊಳೆಯ ಹರಿವು ತಗ್ಗಿದಾಗ ಚಂದ್ರಗಿರಿಯಂಥ ಹೊಳೆಗಳಲ್ಲಿ ಕಡಲಿನ ಉಪ್ಪುನೀರು ಮೇಲಕ್ಕೆ ಬರುತ್ತದೆ. ಬಾವಿಕ್ಕೆರೆಯಲ್ಲಿ ಹಿಂದೆ ಬೇಸಿಗೆ ಬಂದಾಗಲೆಲ್ಲ ಮರಳಿನ ಚೀಲ ಪೇರಿಸಿ ತಾತ್ಕಾಲಿಕ ತಡೆ ಹಾಕುತ್ತಿದ್ದರು, ಬಳಿಕ ಶಾಶ್ವತ ಅಣೆಕಟ್ಟು ಬಂತು.

ಕೆಲಸದ ಹೊತ್ತು, ಆರೋಗ್ಯ

ಕೇರಳ ಕಾರ್ಮಿಕ ಇಲಾಖೆ ಬೇಸಿಗೆಯಲ್ಲಿ ಬಯಲಿನಲ್ಲಿ ದುಡಿಯುವವರಿಗೆ ಮಧ್ಯಾಹ್ನ 12ರಿಂದ 3ರವರೆಗೆ ವಿರಾಮದ ಆದೇಶ ಹೊರಡಿಸುತ್ತದೆ. 2025ರಲ್ಲಿ ಫೆಬ್ರವರಿ 11ರಿಂದ ಇದು ಜಾರಿಗೆ ಬಂದಿತ್ತು. ಬೆಳಿಗ್ಗೆ 7ರಿಂದ ಸಂಜೆ 7ರೊಳಗೆ ಎಂಟು ಗಂಟೆ ಕೆಲಸ ಹೊಂದಿಸಿಕೊಳ್ಳಬೇಕು. ಕಟ್ಟಡ, ರಸ್ತೆ ಕೆಲಸದವರಂತೆ ಕೆಂಪುಕಲ್ಲು ಕೋರೆಯಲ್ಲಿ ದುಡಿಯುವವರೂ ಇದನ್ನು ತಿಳಿದಿರಬೇಕು. ಮನೆಯ ತೋಟಕ್ಕೆ ಆಳು ಕರೆಯುವವರು ಆದೇಶಕ್ಕೆ ಕಾಯಬೇಕಿಲ್ಲ.

ಸೆಕೆಯಲ್ಲಿ ದಣಿದವರಿಗೆ ತಲೆನೋವು, ವಾಕರಿಕೆ, ಸ್ನಾಯು ಸೆಳೆತ ಬಂದರೆ ನೆರಳಿನಲ್ಲಿ ಮಲಗಿಸಿ, ಎಚ್ಚರವಿದ್ದರೆ ಗಂಜಿನೀರು, ಉಪ್ಪು ಹಾಕಿದ ಮಜ್ಜಿಗೆ ಅಥವಾ ಓಆರ್‌ಎಸ್ ಕೊಡಿ. ಓಆರ್‌ಎಸ್‌ನ ಒಂದು ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್ ನೀರು, ಲೋಟಕ್ಕೆ ಸ್ವಲ್ಪ ಸ್ವಲ್ಪ ಸುರಿದು ಕದಡುವುದಲ್ಲ. ಮಾತು ತೊದಲಿದರೆ, ಗೊಂದಲವಾದರೆ, ಪ್ರಜ್ಞೆ ತಪ್ಪಿದರೆ, ಮೈ 40 ಡಿಗ್ರಿ ಕಾದರೆ ಅದು ಬಿಸಿಲಾಘಾತ. ಬೆವರುತ್ತಿದ್ದಾರಲ್ಲ ಎಂದು ಸುಮ್ಮನಿರಬೇಡಿ, ದುಡಿಯುತ್ತ ಬಿದ್ದವರು ಬೆವರುತ್ತಲೂ ಇರಬಹುದು. ಬಾಯಿಗೆ ಏನೂ ಹಾಕದೆ ಮೈಗೆ ನೀರು ಸುರಿದು ಗಾಳಿ ಬೀಸುತ್ತ 108ಕ್ಕೆ ಕರೆ ಮಾಡಿ. ಗಡಿಯ ಈಚೆಗೂ ಆಚೆಗೂ ಆಂಬುಲೆನ್ಸಿಗೆ ಅದೇ ಸಂಖ್ಯೆ.

ಒಂಟಿಯಾಗಿರುವ ವೃದ್ಧರನ್ನು ಹಗಲು ವಿಚಾರಿಸಿದಂತೆ ಬೆಳಿಗ್ಗೆ ಎದ್ದ ಕೂಡಲೇ ಒಮ್ಮೆ ವಿಚಾರಿಸಬೇಕು. ರಾತ್ರಿ 26ಕ್ಕಿಂತ ಇಳಿಯದಿದ್ದರೆ ಹಗಲಿನ ದಣಿವು ಆರದೆ ಮರುದಿನಕ್ಕೆ ಉಳಿಯುತ್ತದೆ, ಮೂರು ನಾಲ್ಕು ರಾತ್ರಿ ಹೀಗಾದ ಮೇಲೆ ಹೃದಯ, ಮೂತ್ರಪಿಂಡದ ತೊಂದರೆ ಇದ್ದವರು ಕುಸಿಯುತ್ತಾರೆ. ಸೂರ್ಯ ಕಾಸರಗೋಡಿನ ನೆತ್ತಿಯ ಮೇಲೆ ಬರುವುದು ಏಪ್ರಿಲ್ 24ರ ಸುಮಾರಿಗೆ. ನಡುವೆ ಗುಡುಗಿನ ಮಳೆ ಒಂದೆರಡು ಬಿದ್ದರೆ ಆ ರಾತ್ರಿಯ ಮಟ್ಟಿಗೆ ತಂಪು, ಮರುದಿನ ಹಸಿ ನೆಲದ ಆವಿಯೂ ಸೇರಿ ಸೆಕೆ ಮತ್ತೆ ಮೊದಲಿನಂತೆ.