ಶೋಧಯಂತ್ರದ ಮೊದಲ ಸಾಲು ಮಾರಾಟಕ್ಕಿದೆಯೇ?

ಜಾಹೀರಾತಿಗೆ ಹಣ ತೆತ್ತ ಜಾಲತಾಣವು ಹುಡುಕಾಟದ ಪಟ್ಟಿಯಲ್ಲಿ ಮೇಲೇರುತ್ತದೆಯೇ? ಇಲ್ಲ ಎಂಬುದು ಗೂಗಲ್ ಸಂಸ್ಥೆಯ ಘೋಷಿತ ನಿಲುವು. ಆದರೆ ಹಣಕ್ಕೂ ಸ್ಥಾನಕ್ಕೂ ನಡುವಿನ ಈ ಗೋಡೆ ಮೊದಲಿನಿಂದಲೂ ಇದ್ದುದಲ್ಲ.

1996ರಲ್ಲಿ ಕೆನಡಾದ ಓಪನ್ ಟೆಕ್ಸ್ಟ್ ಸಂಸ್ಥೆ ತನ್ನ ಶೋಧಯಂತ್ರದಲ್ಲಿ ಆದ್ಯತೆಯ ಸ್ಥಾನಗಳನ್ನು ಮಾರಲು ಹೊರಟು ಬಳಕೆದಾರರಿಂದ ಟೀಕೆಗೆ ಗುರಿಯಾಯಿತು. 1998ರಲ್ಲಿ ಅಮೆರಿಕದ ಬಿಲ್ ಗ್ರಾಸ್ ಅದನ್ನೇ ರಾಜಾರೋಷವಾಗಿ ಮಾಡಿದರು. ಅವರ ಗೋಟು.ಕಾಂ ತಾಣದಲ್ಲಿ ಪ್ರತಿ ಪದಕ್ಕೂ ಹರಾಜು. 'ಹೂವು' ಎಂಬ ಪದಕ್ಕೆ ಹೆಚ್ಚು ಕೂಗಿದವರಿಗೆ ಮೊದಲ ಸಾಲು. ಕ್ಲಿಕ್ ಆದರೆ ಮಾತ್ರ ಹಣ. ಪ್ರತಿ ಫಲಿತಾಂಶದ ಜೊತೆಗೆ ಅದರ ಬೆಲೆಯನ್ನೂ ಪ್ರಕಟಿಸುತ್ತಿದ್ದರು. ಮಾರಾಟವಂತೂ ಹೌದು, ಮುಚ್ಚುಮರೆ ಮಾತ್ರ ಇರಲಿಲ್ಲ!

ಅದೇ ವರ್ಷ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳಾದ ಸೆರ್ಗೆ ಬ್ರಿನ್ ಮತ್ತು ಲ್ಯಾರಿ ಪೇಜ್ ತಮ್ಮ ಪ್ರಸಿದ್ಧ ಪ್ರಬಂಧವನ್ನು ಮಂಡಿಸಿದರು. ಜಾಹೀರಾತನ್ನು ನೆಚ್ಚಿದ ಶೋಧಯಂತ್ರ ಜಾಹೀರಾತುದಾರರ ಕಡೆಗೇ ವಾಲುತ್ತದೆ ಎಂದು ಅದರ ಅನುಬಂಧದಲ್ಲಿ ಎಚ್ಚರಿಸಿದ್ದರು. ಅವರ 'ಪೇಜ್‌ರ‍್ಯಾಂಕ್' ವಿಧಾನದಲ್ಲಿ ಒಂದು ಪುಟದಿಂದ ಇನ್ನೊಂದಕ್ಕಿರುವ ಕೊಂಡಿಯೇ ಮತ. 6 ಅಂಕ ತೂಕದ ಪುಟವೊಂದು ಮೂರು ಪುಟಗಳಿಗೆ ಕೊಂಡಿ ನೀಡಿದರೆ ಪ್ರತಿಯೊಂದಕ್ಕೂ ಸ್ಥೂಲವಾಗಿ 2 ಅಂಕ. ಈ ಸೂತ್ರದಲ್ಲಿ ಹಣಕ್ಕೆ ಚರಾಕ್ಷರವೇ ಇಲ್ಲವೆಂಬುದನ್ನು ಗಮನಿಸಿ.

ಆದರೂ ಕಂಪನಿ ನಡೆಯಬೇಕಲ್ಲ? 2000ದ ಅಕ್ಟೋಬರ್‌ನಲ್ಲಿ 350 ಜಾಹೀರಾತುದಾರರೊಂದಿಗೆ ಗೂಗಲ್‌ನ ಆಡ್‌ವರ್ಡ್ಸ್ ಆರಂಭವಾಯಿತು. ಜಾಹೀರಾತುಗಳಿಗೆ ಪ್ರತ್ಯೇಕ ಜಾಗ, ಪ್ರತ್ಯೇಕ ಲೆಕ್ಕ. 2002ರಿಂದ ಈ ಲೆಕ್ಕಕ್ಕೆ ಹರಾಜು ಬಂತು. ಆದರೆ ಕೂಗಿದ ಬೆಲೆಯನ್ನು ಕ್ಲಿಕ್ಕಿನ ಪ್ರಮಾಣದಿಂದ ಗುಣಿಸುತ್ತಿದ್ದರು. 10 ರೂಪಾಯಿ ಕೂಗಿದವನ ಜಾಹೀರಾತನ್ನು ನೂರರಲ್ಲಿ ಒಬ್ಬರು ಒತ್ತಿದರೆ ಗುಣಲಬ್ಧ 10 ಪೈಸೆ. 4 ರೂಪಾಯಿಯದನ್ನು ಐವರು ಒತ್ತಿದರೆ 20 ಪೈಸೆ. ಎರಡನೆಯದೇ ಮೇಲೆ! ಜಾಹೀರಾತಿನ ಸಾಲಿನಲ್ಲೂ ಬರಿಯ ಹಣ ಗೆಲ್ಲಲಿಲ್ಲ.

ಆ ದಿನಗಳಲ್ಲಿ ಇತರ ಕೆಲವು ಶೋಧಯಂತ್ರಗಳು ಪುಟಗಳನ್ನು ಪಟ್ಟಿಗೆ ಸೇರಿಸಲು ಶುಲ್ಕ ಪಡೆಯುತ್ತಿದ್ದವು. ಓದುಗನಿಗೆ ಇದು ತಿಳಿಯುತ್ತಿರಲಿಲ್ಲ. 2001ರಲ್ಲಿ ದೂರು ಸಲ್ಲಿಕೆಯಾಗಿ, ಹಣ ಪಡೆದ ಫಲಿತಾಂಶಗಳನ್ನು ಸ್ಪಷ್ಟವಾಗಿ ಗುರುತಿಸಬೇಕೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2002ರಲ್ಲಿ ಕಂಪನಿಗಳಿಗೆ ಬರೆಯಿತು. 2013ರಲ್ಲಿ ಮತ್ತೆ ಬರೆಯಬೇಕಾಯಿತು: ಜಾಹೀರಾತಿಗೂ ಸಹಜ ಫಲಿತಾಂಶಕ್ಕೂ ಇರುವ ವ್ಯತ್ಯಾಸ ಮಸುಕಾಗುತ್ತಿದೆ ಎಂದು. ಮೊದಲ ಸಾಲಿನಲ್ಲಿ ಕಂಡದ್ದನ್ನು ಶ್ರೇಷ್ಠವೆಂದೇ ನಂಬುವ ವಿದ್ಯಾರ್ಥಿಗಳಿಗೆ ಅಧ್ಯಾಪಕರು ಈ ವ್ಯತ್ಯಾಸವನ್ನು ತೆರೆಯ ಮೇಲೆಯೇ ತೋರಿಸಬೇಕು.

ಪರೋಕ್ಷ ದಾರಿ ಒಂದಿದೆ. ಜಾಹೀರಾತು ನೋಡಿ ಬಂದವರಲ್ಲಿ ಕೆಲವರು ಆ ತಾಣವನ್ನು ಮೆಚ್ಚಿ ಕೊಂಡಿ ಕೊಟ್ಟರೆ ಸ್ಥಾನ ಏರಬಹುದು. ಕೊಂಡಿಯನ್ನೇ ಹಣ ಕೊಟ್ಟು ಕೊಳ್ಳುವುದು ಮಾತ್ರ ನಿಯಮಬಾಹಿರ. 2012ರ ಜನವರಿಯಲ್ಲಿ ಕ್ರೋಮ್ ಬ್ರೌಸರ್‌ನ ಪ್ರಚಾರಕ್ಕೆಂದು ಹಣ ಪಡೆದು ಬರೆದ ಬರಹದಲ್ಲಿ ಇಂಥದೊಂದು ಕೊಂಡಿ ಪತ್ತೆಯಾದಾಗ ಗೂಗಲ್ ತನ್ನದೇ ಕ್ರೋಮ್ ಪುಟದ ಸ್ಥಾನವನ್ನು ಕನಿಷ್ಠ 60 ದಿನಗಳ ಮಟ್ಟಿಗೆ ಕೆಳಗಿಳಿಸಿತು.

ಹಾಗೆಂದು ಗೋಡೆ ಭದ್ರವೆಂದು ತಿಳಿಯಬೇಡಿ. ಈಗಿನ ವ್ಯಾಜ್ಯ ಬೇರೆ ಬಗೆಯದು. ತನ್ನ ವಿಮಾನ ಹುಡುಕಾಟದ ಸೇವೆಗೆ ಫಲಿತಾಂಶದ ಪುಟದಲ್ಲಿ ಎದ್ದು ಕಾಣುವ ಜಾಗ ಕೊಟ್ಟದ್ದೂ ಸೇರಿದಂತೆ ಪಕ್ಷಪಾತದ ಆರೋಪಗಳಿಗಾಗಿ ಭಾರತದ ಸ್ಪರ್ಧಾ ಆಯೋಗವು 2018ರಲ್ಲಿ ಗೂಗಲ್‌ಗೆ 135.86 ಕೋಟಿ ರೂಪಾಯಿ ದಂಡ ವಿಧಿಸಿತು. ಅಲ್ಲಿ ಮೇಲಿನ ಜಾಗ ಪಡೆದವರು ಜಾಹೀರಾತುದಾರರಲ್ಲ, ಯಂತ್ರದ ಒಡೆಯರೇ.